ಬಯಕೆ ಊಟಕ್ಕೂ ಒಂದು ಹೊತ್ತಿದೆ

ಸೀಮಂತದ ದಿನ ಮೈಸೂರಿನ ಮನೆಗಳಲ್ಲಿ ಬಸುರಿಯ ಮುಂದೆ ಹಾಸುವ ಬಾಳೆಯೆಲೆಯ ಸೊಗಸೇ ಬೇರೆ. ಪುಳಿಯೋಗರೆ, ಚಿತ್ರಾನ್ನ, ಆಂಬೊಡೆ, ತುಪ್ಪ ಸುರಿದ ಹೋಳಿಗೆ, ಸಾಲದ್ದಕ್ಕೆ ಮೈಸೂರು ಪಾಕು. ಬಂದವರೆಲ್ಲ ‘ಇನ್ನೊಂದು ತುತ್ತು ತಿನ್ನಮ್ಮಾ, ಎರಡು ಜೀವ’ ಎಂದು ಉಪಚರಿಸುತ್ತಾರೆ. ಆ ಅಕ್ಕರೆ ದೊಡ್ಡದು. ಆದರೆ ನೆಂಟರು ಹೊರಟ ಮೇಲೆ, ನಡುರಾತ್ರಿ ಹುಳಿತೇಗು ಬಂದು, ಎದೆ ನೀವಿಕೊಳ್ಳುತ್ತ ಎದ್ದು ಕೂರುವವಳು ಅವಳೊಬ್ಬಳೇ. ಊಟದ ರುಚಿಯ ಬಗ್ಗೆಯೇ ವಾರವಾರ ಬರೆಯುವ ನಾನು ಅವಳ ರಾತ್ರಿಯ ಬಗ್ಗೆಯೂ ಬರೆಯಬೇಕು.

ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ತುತ್ತು ಇಳಿದ ಕೂಡಲೇ ಅದು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಬಸಿರನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಗರ್ಭಕೋಶವನ್ನು ಸಡಿಲವಾಗಿಡುವಾಗ ಈ ಉಂಗುರವನ್ನೂ ಸಡಿಲಿಸಿಬಿಡುತ್ತದೆ. ತಿಂಗಳು ತುಂಬುತ್ತ ಬಂದಂತೆ ಕೂಸು ಕೆಳಗಿನಿಂದ ಜಠರವನ್ನು ಒತ್ತುತ್ತದೆ, ಆಮ್ಲ ಮೇಲಕ್ಕೆ ಉಕ್ಕುತ್ತದೆ. ಈ ಎದೆಯುರಿ ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಇಳಿದುಹೋಗುತ್ತದೆ. ‘ಮಗೂಗೆ ಕೂದಲು ಬರ್ತಿದೆ, ಅದಕ್ಕೇ ಉರಿ’ ಎನ್ನುವ ಅಜ್ಜಿಯರ ಮಾತಿಗೆ ನಗಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 64 ಗರ್ಭಿಣಿಯರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉರಿ ಜಾಸ್ತಿಯಿದ್ದವರ ಮಕ್ಕಳಿಗೆ ಕೂದಲೂ ಜಾಸ್ತಿಯೇ ಇತ್ತು. ಎರಡಕ್ಕೂ ಅವೇ ಹಾರ್ಮೋನುಗಳು ಕಾರಣವಿರಬಹುದು ಎಂದು ಅವರ ಊಹೆ. ಅಧ್ಯಯನ ಚಿಕ್ಕದು, ನಿಜ.

ಬಸುರಿಯ ಬಾಯಿರುಚಿಯನ್ನೇ ಕಟ್ಟಿಹಾಕುವ ಪಥ್ಯ ನನಗೆ ಒಪ್ಪಿಗೆಯಿಲ್ಲ. ಒಂಬತ್ತು ತಿಂಗಳು ಗಂಜಿ ಕುಡಿಸಿ ಕೂರಿಸುವುದು ಬೇಡ. ಬದಲಾಯಿಸಬೇಕಾದದ್ದು ಹೊತ್ತು ಮತ್ತು ಅಳತೆ. ನಜರ್‌ಬಾದಿನ ಮೈಲಾರಿ ದೋಸೆಯ ಆಸೆಯಾದರೆ ಬೆಳಗ್ಗೆಯೇ ಹೋಗಲಿ, ಒಂದೇ ತಿನ್ನಲಿ, ಬೆಣ್ಣೆ ಕಮ್ಮಿ ಮಾಡಿ ಎಂದು ಹೇಳಲಿ. ಆಮೇಲೆ ದಿನವಿಡೀ ಓಡಾಟವಿರುತ್ತದೆ, ಜಠರ ತನ್ನ ಕೆಲಸ ಮುಗಿಸುತ್ತದೆ. ಅದೇ ದೋಸೆ ರಾತ್ರಿ ಒಂಬತ್ತಕ್ಕೆ ಹೊಟ್ಟೆ ಸೇರಿ, ಹತ್ತಕ್ಕೆ ಮಲಗಿದರೆ ಉರಿ ತಪ್ಪಿದ್ದಲ್ಲ. ರಾತ್ರಿಯೂಟ ಏಳು, ಏಳೂವರೆಗೆ ಮುಗಿಯಲಿ. ಮಲಗುವುದಕ್ಕೂ ಊಟಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಮೂರು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ನೀರನ್ನು ಊಟದ ನಡುವೆ ಗಟಗಟ ಕುಡಿಯದೆ, ಊಟಗಳ ಮಧ್ಯದ ಹೊತ್ತಿನಲ್ಲಿ ಕುಡಿಯಲಿ.

ಟೊಮೆಟೊ, ಹುಣಸೆ, ಮೆಣಸು ಮೂರೂ ಸೇರಿದ ನಮ್ಮ ಸಾರು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಮಾಡುವುದಿಲ್ಲ. ನಾಲ್ಕು ದಿನ ಏನು ತಿಂದೆ, ಯಾವಾಗ ಉರಿಯಿತು ಎಂದು ಬರೆದಿಟ್ಟರೆ ಅವರವರ ಶತ್ರು ಅವರವರಿಗೇ ಸಿಗುತ್ತದೆ. ಫಿಲ್ಟರ್ ಕಾಫಿ ಬಿಡಲಾಗದಿದ್ದರೆ ಬೆಳಗ್ಗೆ ಅರ್ಧ ಲೋಟ, ಅದೂ ಬರಿಹೊಟ್ಟೆಗೆ ಬೇಡ. ಜೀರ್ಣಕ್ಕೆ ಒಳ್ಳೆಯದೆಂದು ಕೊಡುವ ಪುದೀನ ಆ ಸಡಿಲ ಉಂಗುರವನ್ನು ಇನ್ನಷ್ಟು ಸಡಿಲಿಸೀತು. ರಾತ್ರಿಗೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ ಇದ್ದರೆ ಏನು ಕಮ್ಮಿ? ಒಗ್ಗರಣೆಯಲ್ಲಿ ಇಂಗು, ಜೀರಿಗೆ ಘಮ್ಮೆಂದರೆ ಅದೂ ರಾಜಭೋಜನವೇ.

ಮಲಗುವ ಬಗೆಗೂ ಗಮನ ಬೇಕು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕುತ್ತಿಗೆ ಬಾಗಿ ಹೊಟ್ಟೆ ಇನ್ನಷ್ಟು ಮಡಚಿಕೊಳ್ಳುತ್ತದೆ. ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ಅಲುಗಾಡದಂತೆ ಮರದ ತುಂಡು ಕೊಟ್ಟು ಐದಾರು ಅಂಗುಲ ಎತ್ತರಿಸಿ. ಮೈಯೆಲ್ಲ ಒಂದೇ ಇಳಿಜಾರಿನಲ್ಲಿರುತ್ತದೆ. ಎಡಮಗ್ಗುಲಲ್ಲಿ ಮಲಗಿದರೆ ಜಠರದ ಬಾಯಿ ಆಮ್ಲಕ್ಕಿಂತ ಮೇಲಿರುತ್ತದೆ.

ಇಷ್ಟಕ್ಕೂ ತಗ್ಗದಿದ್ದರೆ ಬಸಿರಿನಲ್ಲಿ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ವೈದ್ಯರನ್ನು ಕೇಳಿ. ಅಡುಗೆ ಸೋಡಾ, ನೊರೆಯುಕ್ಕುವ ಪುಡಿಗಳನ್ನು ಕದಡಿ ಕುಡಿಯಬೇಡಿ. ಅವುಗಳಲ್ಲಿ ಸೋಡಿಯಂ ಹೆಚ್ಚು. ಇನ್ನೊಂದು ಸಂಗತಿ ಎಷ್ಟೋ ಮನೆಗಳಲ್ಲಿ ತಪ್ಪಿಹೋಗುತ್ತದೆ: ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆಯ ಜೊತೆಗೇ ಆ್ಯಂಟಾಸಿಡ್ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯದೂ ಅದೇ ಕಥೆ. ನಡುವೆ ಎರಡು ಗಂಟೆಯಾದರೂ ಬಿಡುವಿರಲಿ. ಕಬ್ಬಿಣದಿಂದಲೇ ಹೊಟ್ಟೆ ಕೆಡುತ್ತಿದ್ದರೂ ಮಾತ್ರೆ ನಿಲ್ಲಿಸಬೇಡಿ, ಹೊತ್ತು ಬದಲಿಸಬಹುದೇ ಎಂದು ಕೇಳಿ.

ಕೊನೆಯ ತಿಂಗಳುಗಳಲ್ಲಿ ಬಲಪಕ್ಕೆಲುಬಿನ ಕೆಳಗೆ ಅಥವಾ ಮೇಲ್ಹೊಟ್ಟೆಯಲ್ಲಿ ಜೋರು ನೋವು, ಬಿಡದ ತಲೆನೋವು, ಕಣ್ಣು ಮಂಜು, ಮುಖ ಕೈಗಳಲ್ಲಿ ಇದ್ದಕ್ಕಿದ್ದಂತೆ ಊತ ಕಂಡರೆ ಅದು ಎದೆಯುರಿ ಎಂದು ಮಜ್ಜಿಗೆ ಕೊಟ್ಟು ಮಲಗಿಸಬೇಡಿ. ರಕ್ತದೊತ್ತಡ ಏರಿದ್ದರೂ ಹೀಗಾಗುತ್ತದೆ, ತಾಯಿಗೂ ಮಗುವಿಗೂ ಅಪಾಯ. ಬೆಳಗಾಗಲಿ ಎಂದು ಕಾಯದೆ ಚೆಲುವಾಂಬ ಆಸ್ಪತ್ರೆಗೋ ನಿಮ್ಮ ವೈದ್ಯರ ಬಳಿಗೋ ಆಗಲೇ ಹೊರಡಿ.