‘ಸಪೋರ್ಟ್ ಇದೆ’ ಅಂದ್ರೆ ಏನರ್ಥ?

ಒಂದು ಶನಿವಾರ ರಾತ್ರಿ ಕೂತು ಪುಟ್ಟ ಟ್ರ್ಯಾಕ್ ಮಾಡಿದೆ. ಸ್ಯಾಂಪ್ಲರ್ ಪ್ಲಗಿನ್‌ಗೆ ನಾನೇ ರೆಕಾರ್ಡ್ ಮಾಡಿದ ಸದ್ದೊಂದನ್ನು ಹಾಕಿ, ಸೇವ್ ಮಾಡಿ ಮಲಗಿದೆ. ಬೆಳಿಗ್ಗೆ ತೆಗೆದರೆ ಪ್ಲಗಿನ್ ಇದೆ, ಸದ್ದಿಲ್ಲ! ಎರರ್ ಮೆಸೇಜೂ ಇಲ್ಲ. ಆದರೆ ಆ ಹೋಸ್ಟ್, ಅಂದ್ರೆ ಪ್ಲಗಿನ್‌ಗಳನ್ನು ನಡೆಸೋ ರೆಕಾರ್ಡಿಂಗ್ ಸಾಫ್ಟ್‌ವೇರ್, ‘ಎಲ್‌ವಿ2 ಸಪೋರ್ಟ್ ಇದೆ’ ಅಂತ ಹೇಳಿಕೊಂಡಿತ್ತು.

ಅದು ಸುಳ್ಳೇನಲ್ಲ. ತೊಂದರೆ ಇರೋದೇ ಅಲ್ಲಿ. ಲಿನಕ್ಸ್ ಸಂಗೀತಗಾರರು ಹೆಚ್ಚಾಗಿ ಬಳಸೋ ಎಲ್‌ವಿ2 ಸ್ಟ್ಯಾಂಡರ್ಡ್‌ನ ತಿರುಳು ಬಹಳ ಚಿಕ್ಕದು, ಉಳಿದದ್ದೆಲ್ಲ ಎಕ್ಸ್‌ಟೆನ್ಶನ್. ಮಿಡಿ ನೋಟ್‌ಗೆ ಒಂದು. ಫೈಲ್ ಓದುವಾಗ ಸದ್ದು ಕಡಿಯದಂತೆ ಆ ಕೆಲಸವನ್ನು ಬೇರೆ ಥ್ರೆಡ್‌ಗೆ ದಾಟಿಸೋ ‘ವರ್ಕರ್’ ಒಂದು. ಪ್ಲಗಿನ್‌ನ ಒಳಗಿನ ಸ್ಥಿತಿ ಉಳಿಸೋ ‘ಸ್ಟೇಟ್’ ಇನ್ನೊಂದು. ಪ್ಲಗಿನ್ ‘ಬೇಕೇ ಬೇಕು’ ಅಂದ ಫೀಚರ್ ಹೋಸ್ಟ್‌ನಲ್ಲಿ ಇಲ್ಲದಿದ್ದರೆ ಲೋಡ್ ಮಾಡೋ ಹಾಗೇ ಇಲ್ಲ. ‘ಇದ್ದರೆ ಒಳ್ಳೇದು’ ಅಂದದ್ದು ಇಲ್ಲದಿದ್ದರೆ? ಯಾರೂ ಏನೂ ಹೇಳಲ್ಲ. ನನ್ನ ಸದ್ದು ಕಳೆದದ್ದು ಆ ಮೌನದಲ್ಲೇ.

ಬರೆಯೋ ಪ್ರೋಗ್ರಾಮರ್‌ಗೆ ಈ ವಿನ್ಯಾಸ ಸ್ವರ್ಗ, ಒಪ್ತೀನಿ. 2022ರಲ್ಲಿ ಬಂದ ಕ್ಲ್ಯಾಪ್ ಕೂಡ ಚಿಕ್ಕ ತಿರುಳು, ಸುತ್ತ ಎಕ್ಸ್‌ಟೆನ್ಶನ್ ಅನ್ನೋ ದಾರಿಯನ್ನೇ ಹಿಡಿದಿದೆ. ಆದರೆ ಬಳಸೋರ ಪಾಡು? ‘ಊಟ ತಯಾರಿದೆ’ ಅನ್ನೋ ಬೋರ್ಡ್ ನೋಡಿ ಒಳಗೆ ಹೋದ್ರೆ, ‘ಅನ್ನ ಐಚ್ಛಿಕ ಸಾರ್’ ಅಂದ ಹಾಗೆ.

ಹಾಗಾಗಿ ಎಕ್ಸ್‌ಟೆನ್ಶನ್‌ಗಳನ್ನು ಗುಂಪು ಮಾಡಿ ಹೆಸರಿಡಬೇಕು ಅನ್ನೋದು ನನ್ನ ವಾದ. ಮಿಡಿ, ವರ್ಕರ್, ಸ್ಟೇಟ್ ಮೂರೂ ಇದ್ದರೆ ಮಾತ್ರ ‘ಸ್ಯಾಂಪ್ಲರ್ ಸಪೋರ್ಟ್’ ಅನ್ನಿ. ಒಂದು ಇಲ್ಲದಿದ್ರೂ ಆ ಹೆಸರು ಬೇಡ. ಪ್ರೊಸೆಸರ್ ಲೋಕದ ರಿಸ್ಕ್-ಫೈವ್‌ಗೂ ಇದೇ ತಲೆನೋವಿತ್ತು. ಅವರು ಆರ್‌ವಿಎ23ರಂಥ ಪ್ರೊಫೈಲ್‌ಗಳಲ್ಲಿ ಯಾವುದು ಕಡ್ಡಾಯ ಅಂತ ಪಟ್ಟಿ ಮಾಡಿದರು.

ಗುಂಪಿಗೂ ಅಪಾಯ ಇದೆ. 1991ರ ಜನರಲ್ ಮಿಡಿ 128 ವಾದ್ಯಗಳ ಪಟ್ಟಿ ಕೊಟ್ಟಿತು. ಅದರಿಂದ ಒಂದೇ ಫೈಲ್ ಯಾವ ಕೀಬೋರ್ಡ್‌ನಲ್ಲಿ ಹಾಕಿದ್ರೂ ಪಿಯಾನೋ ಪಿಯಾನೋನೇ ಆಯ್ತು, ದೊಡ್ಡ ಉಪಕಾರ. ಆದರೆ ಅದರಲ್ಲಿ ಸಿತಾರ್ 105ನೇದು, ಶಹನಾಯಿ 112ನೇದು. ವೀಣೆ ಇಲ್ಲ, ಮೃದಂಗ ಇಲ್ಲ. ಪಟ್ಟಿ ಒಮ್ಮೆ ಗಟ್ಟಿಯಾದರೆ ಹೊರಗುಳಿದವರು ಹೊರಗೇ.

ಅದಕ್ಕೇ ಗುಂಪಿನ ಹೆಸರಲ್ಲಿ ಇಸವಿ ಇರಲಿ, ಕೆಲವು ವರ್ಷಕ್ಕೊಮ್ಮೆ ಪಟ್ಟಿ ಹೊಸದಾಗಲಿ. ಅಲ್ಲಿಯವರೆಗೆ, ನಿಮ್ಮ ಸದ್ದುಗಳನ್ನು ಬೇರೆ ಫೋಲ್ಡರ್‌ನಲ್ಲೂ ಇಟ್ಕೊಳ್ಳಿ. ನಾನಂತೂ ಈಗ ಇಡ್ತೀನಿ.