ಆಮ್, ಈಸ್, ಆರ್: ಬಲಗಡೆಯ ಕಾಲಂ ಬಗ್ಗೆ ಒಂದು ತಕರಾರು

ಕನ್ನಡ ಮಾಧ್ಯಮದ ತರಗತಿಯಾಗಲಿ, ಬಸ್ ನಿಲ್ದಾಣದಲ್ಲಿ ಮಾರುವ ‘30 ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕವಾಗಲಿ, ಮೊದಲ ಪಾಠ ಹೆಚ್ಚುಕಡಿಮೆ ಒಂದೇ. ಎಡಗಡೆ ಐ ಆಮ್, ಹಿ ಈಸ್, ದೇ ಆರ್. ಬಲಗಡೆ ನಾನು ಇದ್ದೇನೆ, ಅವನು ಇದ್ದಾನೆ, ಅವರು ಇದ್ದಾರೆ. ಮಕ್ಕಳು ರಾಗ ಎಳೆದು ಒಪ್ಪಿಸುತ್ತಾರೆ. ಬಾಯಿಪಾಠದ ಮೇಲೆ ನನಗೇನೂ ಸಿಟ್ಟಿಲ್ಲ. ‘ಬಿ’ ಎಂಬ ಈ ಕ್ರಿಯಾಪದದ ಎಂಟು ರೂಪಗಳು ಬೇರೆ ಬೇರೆ ಹಳೆಯ ಧಾತುಗಳಿಂದ ಬಂದು ಒಂದೆಡೆ ಸೇರಿದವು. ಆಮ್ ಗೊತ್ತಿದ್ದ ಮಾತ್ರಕ್ಕೆ ವಾಸ್ ಹೊಳೆಯುವುದಿಲ್ಲ. ಮಗ್ಗಿಯಂತೆ ಉರು ಹೊಡೆಯಲೇಬೇಕು. ತಕರಾರಿರುವುದು ಬಲಗಡೆಯ ಕಾಲಂ ಬಗ್ಗೆ.

‘ಅವಳು ಡಾಕ್ಟರ್’ ಅಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. (ಬೆಳಗಾವಿ, ಧಾರವಾಡದ ಕಡೆ ‘ಡಾಕ್ಟರ್ ಇದ್ದಾಳ’ ಅನ್ನುವವರಿದ್ದಾರೆ, ಅವರಿಗೆ ಈ ಪಾಠ ಒಂದಿಷ್ಟು ಸಲೀಸು.) ಇಂಗ್ಲಿಷಿಗೋ ಅಲ್ಲೊಂದು ಈಸ್ ಬೇಕೇ ಬೇಕು. ಹುಡುಗಿ ‘ಶೀ ಡಾಕ್ಟರ್’ ಎಂದು ಬರೆದರೆ ಅದು ಪೆದ್ದುತನವಲ್ಲ. ಈಸ್ ಎಂದರೆ ‘ಇದ್ದಾಳೆ’ ಎಂದು ಹೇಳಿಕೊಟ್ಟವರು ನಾವೇ; ‘ಇದ್ದಾಳೆ’ ಇಲ್ಲದ ಕಡೆ ಅವಳು ಅದನ್ನು ಯಾಕೆ ಹಾಕಬೇಕು? ಅದೇ ನಂಬಿಕೆಯಲ್ಲಿ ‘ನನಗೆ ಜ್ವರ ಇದೆ’ ಎನ್ನಲು ‘ಐ ಆಮ್ ಫೀವರ್’ ಬರುತ್ತದೆ. ಮೇಷ್ಟ್ರ ಕೆಂಪು ಗೆರೆ ಬೀಳುವುದು ಅವಳ ಪುಸ್ತಕದ ಮೇಲೆ, ಪಟ್ಟಿಯ ಮೇಲಲ್ಲ.

ಮಗುವಿಗೆ ಮೊದಲೇ ತಿಳಿದಿರುವ ಒಂದು ಸಂಗತಿಯನ್ನಂತೂ ಈ ಪಟ್ಟಿ ಮುಟ್ಟುವುದೇ ಇಲ್ಲ. ‘ಅವಳು ಡಾಕ್ಟರ್ ಅಲ್ಲ’, ‘ಅವಳು ಮನೆಯಲ್ಲಿ ಇಲ್ಲ’. ಅಲ್ಲ ಮತ್ತು ಇಲ್ಲವನ್ನು ಐದು ವರ್ಷದ ಮಗುವೂ ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡೂ ಕಡೆ ‘ಈಸ್ ನಾಟ್’. ಈ ಜೋಡಿಯಿಂದಲೇ ಪಾಠ ಶುರುವಾದರೆ ಈಸ್ ಎಂಬುದು ‘ಇದ್ದಾಳೆ’ಗಿಂತ ಅಗಲವಾದ ಪದವೆಂದು ತಾನಾಗಿ ಗೊತ್ತಾಗುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಇಂಗ್ಲಿಷ್ ಮೇಷ್ಟ್ರೂ ಕಿವಿಗೊಡಬೇಕಾದ ಮಾತು ಅದು.

ಪಟ್ಟಿಯನ್ನೇ ಬಿಟ್ಟು ಕಲಿಸಿದ ಪ್ರಯೋಗವೂ ನಮ್ಮಲ್ಲಿ ನಡೆದಿದೆ. ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಈ ಪ್ರಯೋಗಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ವ್ಯಾಕರಣದ ಪಾಠವಿಲ್ಲ, ರೈಲಿನ ವೇಳಾಪಟ್ಟಿಯೋ ನಕ್ಷೆಯೋ ಕೊಟ್ಟು ಮಕ್ಕಳಿಂದ ಉತ್ತರ ಹುಡುಕಿಸುವುದು. ದಿಟ್ಟ ಕೆಲಸವೇ. ಆದರೆ ಈ ಒಂದು ಕ್ರಿಯಾಪದದ ಮಟ್ಟಿಗೆ ನನಗೆ ಅನುಮಾನವಿದೆ. ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದರೆ ‘ಟೆನ್ ತರ್ಟಿ’ ಸಾಕು, ಈಸ್ ಇಲ್ಲದೆಯೇ ಉತ್ತರ ಸರಿ. ಅರ್ಥಕ್ಕೆ ಏನೂ ಕೂಡಿಸದ ಪದ, ಅರ್ಥದ ಮೇಲೇ ಕಣ್ಣಿಟ್ಟವರಿಗೆ ಕಾಣುವುದು ಕಷ್ಟ.

ಹಾಗಾಗಿ ಎಡಗಡೆಯ ಕಾಲಂ ಇರಲಿ. ಬಲಗಡೆಯದನ್ನು ಅಳಿಸಿ, ಬಿಡಿ ಪದದ ಬದಲು ಇಡೀ ವಾಕ್ಯ ಬರೆಯಬಹುದು: ಅವಳು ಡಾಕ್ಟರ್, ಅವಳು ಮನೆಯಲ್ಲಿದ್ದಾಳೆ, ನನಗೆ ಹಸಿವು, ಇವತ್ತು ಸೆಕೆ. ಕೊನೆಯದಕ್ಕೆ ‘ಇಟ್ ಈಸ್ ಹಾಟ್’ ಎಂದು ಬರೆದ ಕೂಡಲೇ ಯಾರಾದರೂ ಆ ಇಟ್ ಯಾವುದು ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಅರ್ಧ ಪೀರಿಯಡ್ ಎತ್ತಿಟ್ಟುಕೊಂಡಿರಬೇಕು.