ಬಿಳಿ ದೀಪ ಆರುವ ತನಕ

ರಾತ್ರಿ ಹನ್ನೊಂದು. ಹಾಲ್‌ನಲ್ಲಿ ಟೀವಿ ಆರಿದೆ. ಅದರ ಕೆಳಗಿನ ಕಪ್ಪು ಪೆಟ್ಟಿಗೆಯ ಮೇಲೆ ಮಾತ್ರ ಕಿತ್ತಳೆ ಬಣ್ಣದ ಗೆರೆಯೊಂದು ಉರಿಯುತ್ತಿದೆ. ಬಾಗಿಲ ಚಿಲಕ, ಗ್ಯಾಸ್ ರೆಗ್ಯುಲೇಟರ್ ಎಲ್ಲ ನೋಡಿಕೊಂಡು ಬಂದ ಅಮ್ಮನ ಕಣ್ಣು ಅಲ್ಲಿಗೆ ಬಂದು ನಿಲ್ಲುತ್ತದೆ. "ಇದ್ಯಾಕೋ ಇನ್ನೂ ಉರೀತಾ ಇದೆ? ಕರೆಂಟ್ ಬಿಲ್ ಯಾರು ಕಟ್ಟೋದು?" ಒಳಕೋಣೆಯಿಂದ "ಅಮ್ಮಾ, ಮುಟ್ಬೇಡ, ಡೌನ್‌ಲೋಡ್ ಆಗ್ತಿದೆ" ಎಂಬ ಕೂಗು ಮುಗಿಯುವುದರೊಳಗೆ ಗೋಡೆಯ ಸ್ವಿಚ್ಚು ಟಕ್ ಎಂದಿರುತ್ತದೆ. ಮರುದಿನ ಸಂಜೆ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್ ಕಣ್ಣು ಬಿಡುವಾಗ ಮೊದಲು ಓದುವುದು ದೂರುಪತ್ರವನ್ನು: ತನ್ನನ್ನು ಸರಿಯಾಗಿ ಆಫ್ ಮಾಡಿರಲಿಲ್ಲ, ಈಗ ಸ್ಟೋರೇಜ್ ತಪಾಸಣೆ ಆಗಬೇಕು, ಕಾಯಿರಿ.

ಇದರಲ್ಲಿ ಅಮ್ಮನ ತಪ್ಪೇನಿಲ್ಲ. ಜಪಾನಿನಲ್ಲಾಗಲಿ ಅಮೆರಿಕದಲ್ಲಾಗಲಿ ಪ್ಲಗ್ ಪಾಯಿಂಟಿನ ಪಕ್ಕ ಸ್ವಿಚ್ಚು ಇರುವುದು ಅಪರೂಪ. ಅಲ್ಲಿ ಪ್ಲಗ್ ಚುಚ್ಚಿದರೆ ಕರೆಂಟು ಸದಾ ಹರಿಯುತ್ತಲೇ ಇರುತ್ತದೆ. ಕನ್ಸೋಲ್ ರೂಪಿಸುವವರು ಹುಟ್ಟಿ ಬೆಳೆದದ್ದು ಅಂಥ ಗೋಡೆಗಳ ನಡುವೆ. ನಮ್ಮ ಮನೆಗಳಲ್ಲಿ ಒಂದೊಂದು ಪಾಯಿಂಟಿಗೂ ಒಂದೊಂದು ಸ್ವಿಚ್ಚು, ಮಲಗುವ ಮುನ್ನ ಅದನ್ನು ಆರಿಸುವುದು ಗೃಹಸ್ಥಧರ್ಮ. ಎರಡು ಸಂಸ್ಕಾರಗಳು ಡಿಕ್ಕಿ ಹೊಡೆಯುವುದು ಆ ಕಿತ್ತಳೆ ದೀಪದ ಹತ್ತಿರ.

ಕಿತ್ತಳೆ ಎಂದರೆ ರೆಸ್ಟ್ ಮೋಡ್. ಆಫ್ ಆದಂತೆ ಕಂಡರೂ ಅದು ಕೋಳಿನಿದ್ದೆ. ಅರ್ಧಕ್ಕೆ ನಿಲ್ಲಿಸಿದ ಆಟ ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ, ಅಪ್‌ಡೇಟ್ ಇಳಿಯುತ್ತಿರುತ್ತದೆ, ಹಾರ್ಡ್ ಡಿಸ್ಕ್ ಬರೆದುಕೊಳ್ಳುತ್ತಲೂ ಇರಬಹುದು. ಆ ಹೊತ್ತಿನಲ್ಲಿ ಕರೆಂಟು ಕಿತ್ತರೆ ಆಡುತ್ತಿರುವಾಗ ಕಿತ್ತದ್ದಕ್ಕೆ ಸಮ. ಪಿಎಸ್4ರೊಳಗಿನ ವ್ಯವಸ್ಥೆ ಫ್ರೀಬಿಎಸ್‌ಡಿ ಎಂಬ ಕಂಪ್ಯೂಟರ್ ತಂತ್ರಾಂಶದ ಮೇಲೆ ಕಟ್ಟಿದ್ದು, ಅಂದರೆ ಅದು ಆಟದ ಸಾಮಾನಿನ ವೇಷ ಹಾಕಿದ ಕಂಪ್ಯೂಟರ್. ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ಒಟ್ಟಿಗೆ ಡಿಸ್ಕಿಗೆ ಇಳಿಸುವುದು ಕಂಪ್ಯೂಟರುಗಳ ಜಾಯಮಾನ. ಕಿರಾಣಿ ಅಂಗಡಿಯವನು ದಿನದ ಚೀಟಿಗಳನ್ನೆಲ್ಲ ರಾತ್ರಿ ಕೂತು ಖಾತೆಪುಸ್ತಕಕ್ಕೆ ಏರಿಸುವ ಹಾಗೆ. ಅವನು ಅರ್ಧ ಬರೆದಿರುವಾಗ ಯಾರಾದರೂ ದೀಪ ಆರಿಸಿದರೆ ಯಾರ ಬಾಕಿ ಎಷ್ಟು ಎಂಬುದು ದೇವರಿಗೇ ಗೊತ್ತು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಆಟವನ್ನು ಸೇವ್ ಮಾಡಿ ಮುಚ್ಚಬೇಕು, ಪವರ್ ಮೆನುವಿಗೆ ಹೋಗಿ ಟರ್ನ್ ಆಫ್ ಆರಿಸಬೇಕು. ಆಮೇಲೆ ಬಿಳಿ ದೀಪ ಉಸಿರಾಡಿದಂತೆ ಹೊಳೆದು ಮಂಕಾಗಿ, ಮತ್ತೆ ಹೊಳೆದು, ಕೊನೆಗೆ ಪೂರ್ತಿ ಆರುತ್ತದೆ. ಖಾತೆ ಬರೆಯುವ ಕೆಲಸ ನಡೆಯುವುದು ಆ ಕೆಲವು ಸೆಕೆಂಡುಗಳಲ್ಲೇ. ದೀಪ ಆರಿದ ಮೇಲೆ ಅಮ್ಮ ಗೋಡೆಯ ಸ್ವಿಚ್ಚನ್ನು ಧಾರಾಳವಾಗಿ ಆರಿಸಬಹುದು. ಪರದೆ ಗರಬಡಿದು ನಿಂತು ಮೆನು ಸಿಗದಿದ್ದರೆ ಕನ್ಸೋಲಿನ ಪವರ್ ಬಟನ್ನನ್ನು ಸುಮಾರು 7 ಸೆಕೆಂಡು, ಎರಡನೇ ಬೀಪ್ ಕೇಳುವವರೆಗೆ, ಒತ್ತಿ ಹಿಡಿಯಬೇಕು. ಪ್ಲಗ್ ಕೀಳುವುದು ಅದೂ ಕೈಕೊಟ್ಟ ಮೇಲಿನ ಮಾತು.

ಬಿಲ್ಲಿನ ಬಗ್ಗೆ ಅಮ್ಮ ಹೇಳುವುದರಲ್ಲೂ ಹುರುಳಿದೆ. ಎಕ್ಸ್‌ಬಾಕ್ಸ್‌ನಲ್ಲಿ ಸ್ಲೀಪ್ ಬಿಟ್ಟು ಪೂರ್ತಿ ಶಟ್‌ಡೌನ್ ಆಯ್ಕೆ ಮಾಡಿಕೊಂಡರೆ, ಆಟವಿಲ್ಲದ ಹೊತ್ತಿನ ಕರೆಂಟು ಇಪ್ಪತ್ತು ಪಟ್ಟಿನವರೆಗೆ ತಗ್ಗುತ್ತದೆ ಎಂದು 2023ರಲ್ಲಿ ಮೈಕ್ರೋಸಾಫ್ಟೇ ಹೇಳಿತು.

ಹೇಳದೆ ಕೇಳದೆ ಹೋಗುವ ಕರೆಂಟಿಗೆ ಮಾತ್ರ ಯಾವ ಮೆನುವೂ ಇಲ್ಲ. ಮನೆಯ ಇನ್ವರ್ಟರ್ ಬಹಳ ಕಡೆ ಲೈಟು, ಫ್ಯಾನಿಗಷ್ಟೇ ಜೋಡಿಸಿರುತ್ತದೆ. ಹಾಲ್‌ನ ಪಾಯಿಂಟಿಗೂ ಎಳೆಸಿಕೊಂಡವರು ಇನ್ವರ್ಟರಿನ ಬೆನ್ನಿಗಿರುವ ಸಣ್ಣ ಸ್ವಿಚ್ಚು ಯುಪಿಎಸ್ ಕಡೆಗಿದೆಯೇ ಎಂದು ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಇನ್ನೊಂದು ಕಡೆಗಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನಿಗೆ ಅದು ತಿಳಿಯದಿರಬಹುದು, ಕನ್ಸೋಲ್ ಮಾತ್ರ ಅಷ್ಟರಲ್ಲೇ ಸತ್ತು ಹುಟ್ಟಿರುತ್ತದೆ.

ಆಫ್ ಮಾಡುವ ಈ ಆತಂಕ ಹಳೆಯದೇ. 1987ರಲ್ಲಿ ಅಮೆರಿಕದ ಮಕ್ಕಳ ಕೈಗೆ ಬಂದ ನಿಂಟೆಂಡೋದ 'ದಿ ಲೆಜೆಂಡ್ ಆಫ್ ಜೆಲ್ಡಾ' ಕಾರ್ಟ್ರಿಜ್ಜಿನೊಳಗೆ ಪುಟ್ಟ ಬ್ಯಾಟರಿಯೊಂದಿತ್ತು, ಉಳಿಸಿದ ಆಟ ಅದರ ಬಲದಲ್ಲೇ ಬದುಕುತ್ತಿತ್ತು. ಆಟ ಮುಗಿಸುವವರಿಗೆ ಒಂದು ಕಟ್ಟಪ್ಪಣೆ: ರಿಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಆಫ್ ಮಾಡಬೇಕು. ಮಂತ್ರತಂತ್ರದಂತೆ ಕಂಡರೂ ಇದಕ್ಕೆ ಗಟ್ಟಿ ಕಾರಣವಿದೆ. ಸ್ವಿಚ್ಚು ಒತ್ತಿದಾಕ್ಷಣ ವೋಲ್ಟೇಜು ಮಾಯವಾಗುವುದಿಲ್ಲ, ಇಳಿಯುತ್ತಾ ಹೋಗುತ್ತದೆ. ಇಳಿಯುವ ಆ ಗಳಿಗೆಯಲ್ಲಿ ಪ್ರೊಸೆಸರ್ ಅಮಲೇರಿದವನ ಹಾಗೆ ಸಿಕ್ಕಲ್ಲಿ ಗೀಚಬಲ್ಲದು, ಗೀಚಿದ್ದು ಬ್ಯಾಟರಿಯ ಆಸರೆಯ ಮೆಮೊರಿಯಲ್ಲಾದರೆ ವಾರಗಳ ದುಡಿಮೆ ಮಣ್ಣುಪಾಲು. ರಿಸೆಟ್ ಒತ್ತಿದ್ದರೆ ಅದರ ಕೈ ಕಟ್ಟಿದಂತೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ನಕಲಿ ಯಂತ್ರಗಳಿಗೆ, ಅವುಗಳ 'ಕ್ಯಾಸೆಟ್'ಗಳಿಗೆ, ಸಾಮಾನ್ಯವಾಗಿ ಈ ಚಿಂತೆಯೇ ಇರಲಿಲ್ಲ. ಉಳಿಸುವ ಸೌಲಭ್ಯವಿದ್ದರೆ ತಾನೇ ಕಳೆದುಕೊಳ್ಳುವುದು!

ಉಳಿಸದೆ ಆಫ್ ಮಾಡುವವರನ್ನು ಗದರಲೆಂದೇ ನಿಂಟೆಂಡೋ ಒಂದು ಪಾತ್ರವನ್ನು ಹುಟ್ಟಿಸಿತ್ತು. 'ಅನಿಮಲ್ ಕ್ರಾಸಿಂಗ್' ಆಟದ ರೆಸೆಟ್ಟಿ ಎಂಬ ಹೆಗ್ಗಣದಂಥ ಪ್ರಾಣಿ ಮುಂದಿನ ಸಲ ಆಟ ತೆರೆದಾಗ ನೆಲ ಬಗೆದು ಮೇಲೆ ಬಂದು, ಮುಗಿಯದ ಭಾಷಣ ಬಿಗಿದು, ಕೆಲವೊಮ್ಮೆ ಕ್ಷಮೆಯನ್ನೂ ಕೇಳಿಸುತ್ತಿತ್ತು. 2020ರ 'ನ್ಯೂ ಹೊರೈಜನ್ಸ್'ನಲ್ಲಿ ಆಟ ತಾನೇ ಸೇವ್ ಆಗತೊಡಗಿತು, ಬೈಯುವ ಕೆಲಸ ತಪ್ಪಿತು. ಗೇಮ್‌ಕ್ಯೂಬ್‌ನ 'ಎಟರ್ನಲ್ ಡಾರ್ಕ್‌ನೆಸ್' ಇದಕ್ಕಿಂತ ತುಂಟ. ಪಾತ್ರದ ಬುದ್ಧಿ ಕೆಡುತ್ತಾ ಬಂದಾಗ, ಉಳಿಸಿದ್ದನ್ನೆಲ್ಲ ಅಳಿಸುತ್ತಿರುವಂತೆ ಸುಳ್ಳು ಪರದೆಯೊಂದನ್ನು ತೋರಿಸಿ ಆಡುವವನ ಎದೆ ಬಡಿತ ಏರಿಸುತ್ತಿತ್ತು.

ಆಫ್ ಮಾಡುವ ಮಾತಾಯಿತು, ಇನ್ನು ಸಿಡಿ ತೆಗೆಯುವ ಮಾತು. ಡಿವಿಡಿ ಇರಲಿ, ಬ್ಲೂ ರೇ ಇರಲಿ, ನಮ್ಮ ಬಾಯಲ್ಲಿ ಎಲ್ಲವೂ ಸಿಡಿಯೇ.

ಮೊದಲ ಪ್ಲೇಸ್ಟೇಷನ್ ಕಾಲದಲ್ಲಿ ಮುಚ್ಚಳ ಎತ್ತಿದರೆ ಸಿಡಿ ಇನ್ನೂ ಗಿರ್ರನೆ ಸುತ್ತುತ್ತಿರುತ್ತಿತ್ತು, ಅವಸರದವರು ಬೆರಳಿಟ್ಟು ನಿಲ್ಲಿಸುತ್ತಿದ್ದರು. ಆಟ ನಡೆಯುತ್ತಿರುವಾಗಲೇ ಸಿಡಿ ತೆಗೆಯುವುದು ಆಗ ಆಟದ್ದೇ ಭಾಗ. 'ಫೈನಲ್ ಫ್ಯಾಂಟಸಿ 7' ಮೂರು ಸಿಡಿಗಳ ಕಥೆ, ಒಂದು ಮುಗಿದರೆ ಇನ್ನೊಂದು ಹಾಕಬೇಕು. 'ವಿಬ್ ರಿಬ್ಬನ್' ಇನ್ನೂ ಮುಂದೆ ಹೋಗಿ, ಇಡೀ ಆಟವನ್ನು ಮೆಮೊರಿಗೆ ಏರಿಸಿಕೊಂಡು, ಈಗ ನಿಮ್ಮ ಹಾಡಿನ ಸಿಡಿ ಹಾಕಿ ಎನ್ನುತ್ತಿತ್ತು. ಯಾವ ಹಾಡು ಹಾಕಿದರೆ ಅದೇ ಓಟದ ಹಾದಿಯಾಗುತ್ತಿತ್ತು.

ಯಂತ್ರಗಳ ವೇಗ ಹೆಚ್ಚಿದಂತೆ ಈ ಸಲಿಗೆ ಹೋಯಿತು. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಇದ್ದದ್ದು 12 ಪಟ್ಟು ವೇಗದ ಡಿವಿಡಿ ಡ್ರೈವ್. ತಿರುಗುವ ಬುಗುರಿಯನ್ನು ಪಕ್ಕಕ್ಕೆ ನೂಕಿದರೆ ಅದು ತೂಗಾಡುತ್ತದಲ್ಲ, ಹಾಗೇ ಓಡುತ್ತಿರುವ ಕನ್ಸೋಲನ್ನು ಅಡ್ಡದಿಂದ ನೆಟ್ಟಗೆ ಎತ್ತಿ ನಿಲ್ಲಿಸಿದರೆ ಒಳಗಿನ ಸಿಡಿ ಓಲಾಡಿ ಡ್ರೈವಿನ ಭಾಗಗಳಿಗೆ ಉಜ್ಜುತ್ತದೆ. ಫಲ, ಬಳೆಯಂಥ ದುಂಡು ಗೀರು. ಅಲುಗಿಸದೆಯೂ ಗೀರು ಬೀಳುತ್ತಿದೆ ಎಂದು ಗ್ರಾಹಕರು ಮೊಕದ್ದಮೆ ಹೂಡಿದರು. ದೂರಿತ್ತವರು ನೂರಕ್ಕೆ 0.4 ಮಂದಿ ಮಾತ್ರ, ಕಾರಣ ತಪ್ಪು ಬಳಕೆ ಎಂಬುದು ಮೈಕ್ರೋಸಾಫ್ಟಿನ ವಾದ. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರ ಜೂನ್‌ನಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ ತೀರ್ಪು ಕಂಪನಿಯ ಪರವಾಗಿ ಬಂತು. ಆದರೆ ಅದು ಮೇಲ್ಮನವಿಯ ಕ್ರಮಕ್ಕೆ ಸಂಬಂಧಿಸಿದ್ದು, ಸಿಡಿಗೆ ಗೀರಿದವರು ಯಾರು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲೇ ಇಲ್ಲ.

ದುಂಡು ಗೀರಿಗೆ ಇಷ್ಟು ಹೆದರಿಕೆ ಏಕೆ? ಮಾಹಿತಿಯ ಸಾಲು ಸುರುಳಿಯಾಗಿ ಸುತ್ತುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಕಚ್ಚುತ್ತದೆ, ಆ ಚೂರನ್ನು ತಪ್ಪು ತಿದ್ದುವ ಲೆಕ್ಕಾಚಾರ ತುಂಬಿಕೊಡುತ್ತದೆ. ಸುರುಳಿಯ ಜೊತೆಜೊತೆಗೇ ಸಾಗುವ ಗೀರು ಮಾತ್ರ ಇಡೀ ಸಾಲನ್ನೇ ನುಂಗುತ್ತದೆ. ಸಿಡಿಯನ್ನು ನಡುವಿನಿಂದ ಅಂಚಿನತ್ತ ಒರೆಸಿ, ಸುತ್ತ ಉಜ್ಜಬೇಡಿ ಎನ್ನುವುದು ಇದಕ್ಕೇ. ಡಿವಿಡಿಯ ಮಾಹಿತಿ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿದ್ದರೆ ಬ್ಲೂ ರೇಯದ್ದು 0.1 ಮಿಲಿಮೀಟರ್ ಅಷ್ಟೇ. ಗಟ್ಟಿ ಲೇಪನವೊಂದು ಅದನ್ನು ಕಾಯುತ್ತದೆ. ಹಾಗೆಂದು ಲುಂಗಿಯ ಅಂಚಿನಲ್ಲಿ ಉಜ್ಜಬಹುದು ಎಂದರ್ಥವಲ್ಲ.

ಇಜೆಕ್ಟ್ ಬಟನ್ನಿಗೂ ತನ್ನದೇ ಗ್ರಹಚಾರ. 2014ರ ಜನವರಿಯಲ್ಲಿ ಭಾರತಕ್ಕೆ 39,990 ರೂಪಾಯಿಗೆ ಬಂದ ಮೊದಲ ಪಿಎಸ್4ರಲ್ಲಿ ಅದು ಒತ್ತುವ ಬಟನ್ನೇ ಆಗಿರಲಿಲ್ಲ, ಸೋಕಿದರೆ ಸಾಕೆನ್ನುವ ಗೆರೆ. ಚಂದವೇನೋ ಚಂದ, ಆದರೆ ಕೆಲವು ಯಂತ್ರಗಳು ಯಾರೂ ಮುಟ್ಟದೆಯೇ ಬೀಪ್ ಬೀಪ್ ಎಂದು ಸಿಡಿಯನ್ನು ಉಗುಳತೊಡಗಿದವು. ಅಡಿಯ ರಬ್ಬರ್ ಪಾದವೊಂದು ಮೇಲಕ್ಕೆ ಒತ್ತಿಕೊಂಡು ಸೆನ್ಸರನ್ನು ಕೆಣಕುತ್ತದೆ ಎನ್ನುವುದು ರಿಪೇರಿಯವರ ಅನುಭವ. 2015ರ ಮಾದರಿಯಲ್ಲಿ ಸೋನಿ ಒತ್ತುವ ಬಟನ್ನಿಗೇ ಮರಳಿತು, ಒಳ್ಳೆಯದೇ ಮಾಡಿತು.

ಉಗುಳುವುದಕ್ಕಿಂತ ಕೆಟ್ಟದ್ದು ನುಂಗಿಕೊಂಡು ಕೂರುವುದು. ಚಾಕು, ಇಕ್ಕಳಕ್ಕೆ ಕೈಹಾಕುವ ಮೊದಲು ತಿಳಿದಿರಬೇಕಾದ್ದು, ತಯಾರಕರೇ ಹಿಂಬಾಗಿಲೊಂದನ್ನು ಇಟ್ಟಿರುತ್ತಾರೆ ಎಂಬುದು. ಪಿಎಸ್4ರ ಅಡಿಯಲ್ಲಿ ರಂಧ್ರದೊಳಗೆ ಒಂದು ಸ್ಕ್ರೂ ಇದೆ. ಪ್ಲಗ್ ಕಳಚಿ, ಯಂತ್ರವನ್ನು ಮಗುಚಿ, ಸ್ಟಾರ್ ಸ್ಕ್ರೂ ಡ್ರೈವರಿನಿಂದ ನಾಲ್ಕಾರು ಸುತ್ತು ತಿರುಗಿಸಿದರೆ ಸಿಡಿಯ ಅಂಚು ಇಣುಕುತ್ತದೆ. ಎಕ್ಸ್‌ಬಾಕ್ಸ್ ಒನ್‌ಗೆ ನೇರ ಮಾಡಿದ ಪೇಪರ್ ಕ್ಲಿಪ್ ಸಾಕು, ಪಕ್ಕದ ರಂಧ್ರಗಳಲ್ಲಿ ಸರಿಯಾದದ್ದನ್ನು ಹುಡುಕಬೇಕಷ್ಟೆ.

ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಹಳೆಯ ಆಟ ಮಾರಲು ಹೋದವನ ಇತಿಹಾಸವೆಲ್ಲ ಕೌಂಟರಿನ ಮೇಲೆ ಬಯಲಾಗುತ್ತದೆ. ಅಂಗಡಿಯವನು ಡಬ್ಬಿಯ ಚಿತ್ರ ನೋಡುವುದಿಲ್ಲ. ನಡುವಿನ ತೂತಿಗೆ ತೋರುಬೆರಳು ಕೊಟ್ಟು, ಅಂಚನ್ನು ಹೆಬ್ಬೆರಳಿನಲ್ಲಿ ಹಿಡಿದು, ಸಿಡಿಯನ್ನು ಟ್ಯೂಬ್‌ಲೈಟಿನತ್ತ ಓರೆ ಮಾಡುತ್ತಾನೆ. ನೇರ ಗೆರೆಗಳಿದ್ದರೆ ಬೆಲೆಯ ಮಾತು ಮುಂದುವರಿಯುತ್ತದೆ. ಬಳೆಯೊಂದು ಹೊಳೆದರೆ ಮಾತಿಲ್ಲದೆ ಡಬ್ಬಿ ಮುಚ್ಚಿ ಗಾಜಿನ ಮೇಲೆ ಈಚೆಗೆ ಸರಿಸುತ್ತಾನೆ.